ಒಂದು ಪದಾತಿ ಹೆಚ್ಚಿದ್ದೂ ಆಟ ಡ್ರಾ: ತಪ್ಪಿದ್ದು ಎಲ್ಲಿ?

ಓದುಗರ ಪ್ರಶ್ನೆ: ಸರ್, ನಾನು ಡೊಂಬಿವಲಿಯವನು. ಊರು ಕುಂದಾಪುರದ ಕಡೆ, ಆಫೀಸು ಫೋರ್ಟ್‌ನಲ್ಲಿ. ಲೋಕಲ್‌ನಲ್ಲಿ ಸೀಟು ಸಿಕ್ಕಿದ ದಿನ ಫೋನಿನಲ್ಲಿ ಚೆಸ್ ಆಡುತ್ತೇನೆ, ಅಷ್ಟೇ ನನ್ನ ಅಭ್ಯಾಸ. ಮೊನ್ನೆ ನಮ್ಮ ಕನ್ನಡ ಸಂಘದ ಟೂರ್ನಿಯ ಕೊನೆಯ ಸುತ್ತಿನಲ್ಲಿ ಥಾಣೆಯ ನಿವೃತ್ತ ಹಿರಿಯರೊಬ್ಬರು ಎದುರಾದರು. ಒಬ್ಬೊಬ್ಬರಿಗೆ 30 ನಿಮಿಷ, ನಡೆಗೆ 30 ಸೆಕೆಂಡ್ ಸೇರ್ಪಡೆ. ನಾನು ಬಿಳಿ. ಒಂದು ಹಂತದಲ್ಲಿ ನನಗೆ ಮೂರು ಪದಾತಿ, ಅವರಿಗೆ ಒಂದೇ. ಇಬ್ಬರಿಗೂ ಒಂದೊಂದು ಆನೆ. ಕಡೆಗೆ ನನ್ನ ಹತ್ತಿರ ಆನೆ ಮತ್ತು ಒಂದು ಪದಾತಿ, ಅವರ ಹತ್ತಿರ ಬರೀ ಆನೆ ಉಳಿಯಿತು. ಅವರು ಆನೆ ಸರಿಸಿ, ಗಡಿಯಾರ ಒತ್ತಿ, ‘ಮೂರು ಸಲ ಇದೇ ಪೊಸಿಷನ್ ಬಂತು, ಡ್ರಾ’ ಎಂದರು. ಆರ್ಬಿಟರ್ (ತೀರ್ಪುಗಾರ) ಆಗಿದ್ದ ನಮ್ಮ ಸಂಘದವರೇ ಒಬ್ಬರು ತಲೆಯಾಡಿಸಿದರು. ನಾನು ಕೈ ಕೊಟ್ಟೆ, ಸಹಿ ಹಾಕಿದೆ. ಮನೆಗೆ ಬಂದು ನೋಡಿದರೆ, ಮೂರು ಸಲ ಬಂದದ್ದು ಸತತವಾಗಿ ಅಲ್ಲ. ನಡುವೆ ನಾನು ರಾಜನನ್ನು ಬೇರೆ ಕಡೆ ಒಯ್ದು ವಾಪಸ್ ತಂದಿದ್ದೆ. ಆಟ ನೋಡುತ್ತಿದ್ದ ಒಬ್ಬರು ‘ಎದುರಾಳಿಗೆ ಪದಾತಿ ಇಲ್ಲದಿದ್ದರೆ 16 ನಡೆಯೊಳಗೆ ಗೆಲ್ಲಬೇಕು, ಅದೂ ಆಗಲಿಲ್ಲ ನೋಡಿ’ ಎಂದರು. ಇನ್ನೊಬ್ಬರು ‘ಗೆದ್ದ ಆಟವನ್ನು ಹೆದರಿ ಬಿಟ್ಟುಕೊಟ್ಟಿರಿ’ ಎಂದರು. ಫೋನಿನ ಆ್ಯಪ್ ಮಾತ್ರ 0.00, ಅಂದರೆ ಸಮ ಎಂದು ತೋರಿಸುತ್ತಿದೆ. ಯಾರನ್ನು ನಂಬಲಿ? ಮುಂದೆ ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ರೇಟಿಂಗ್ ಟೂರ್ನಿ ಆಡುವ ಆಸೆ ಇದೆ, ಹೀಗೇ ಡ್ರಾ ಮಾಡಿಕೊಂಡರೆ ರೇಟಿಂಗ್ ಬೀಳುತ್ತದೆಯೇ? ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟ್‌ನ ಫೋಟೊ ಕಳಿಸಿದ್ದೇನೆ.

ಉತ್ತರ: ಸ್ಕೋರ್‌ಶೀಟ್ ಕಳಿಸಿದ್ದು ಒಳ್ಳೆಯದಾಯಿತು. ನನ್ನ ಬಳಿ ಬರುವ ಇಂಥ ದೂರುಗಳಲ್ಲಿ ಹೆಚ್ಚಿನವಕ್ಕೆ ಬರವಣಿಗೆಯ ಆಧಾರವೇ ಇರುವುದಿಲ್ಲ, ಇಬ್ಬರ ನೆನಪು ಎರಡು ದಿಕ್ಕಿಗೆ ಹೋಗಿರುತ್ತದೆ.

ನಿಮ್ಮ ಕಾಗದದಲ್ಲಿ ಎರಡು ಬೇರೆ ಬೇರೆ ಸಂಶಯಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಆ ಡ್ರಾ ನಿಯಮದ ಪ್ರಕಾರ ಸರಿಯೇ ಎಂಬುದು ಒಂದು. ಆ ಆಟ ಗೆಲ್ಲುವಂಥದ್ದಾಗಿತ್ತೇ ಎಂಬುದು ಇನ್ನೊಂದು. ನಿಯಮದ ಮಾತನ್ನು ಮೊದಲು ಮುಗಿಸೋಣ.

‘ಸತತವಾಗಿ ಮೂರು ಸಲ’ ಎಂಬ ನಿಯಮ ಎಲ್ಲೂ ಇಲ್ಲ. ಫಿಡೆ ನಿಯಮ ಕೇಳುವುದು ಇಷ್ಟೇ: ಎಲ್ಲ ಕಾಯಿಗಳೂ ಅವೇ ಮನೆಗಳಲ್ಲಿರಬೇಕು, ಆಡುವ ಸರದಿ ಅದೇ ಬಣ್ಣದ್ದಾಗಿರಬೇಕು, ಆಡಬಹುದಾದ ನಡೆಗಳೂ ಅವೇ ಆಗಿರಬೇಕು. ಹಾಗೆಂದರೆ ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ) ಹಕ್ಕು, ಆ್ಯನ್ ಪಾಸಾಂ (ಎರಡು ಮನೆ ಮುಂದೆ ಹೋದ ಪದಾತಿಯನ್ನು ಮರುನಡೆಯಲ್ಲೇ ಹೊಡೆಯುವ) ಹಕ್ಕು ಬದಲಾಗಿರಬಾರದು. ನಡುವೆ ಹತ್ತು ನಡೆ ಕಳೆದಿದ್ದರೂ ಪರವಾಗಿಲ್ಲ. ನಿಮ್ಮ ಹಾಳೆಯ ಪ್ರಕಾರ, ನಿಮ್ಮ ರಾಜ ಡಿ5 (ಅಕ್ಷರ ಉದ್ದಸಾಲಿಗೆ, ಅಂಕೆ ಅಡ್ಡಸಾಲಿಗೆ), ಆನೆ ಎಚ್7, ಪದಾತಿ ಇ5, ಅವರ ರಾಜ ಇ8, ಆನೆ ಎ6, ಸರದಿ ನಿಮ್ಮದು. (ನಾನು ಆನೆ ಎನ್ನುವುದು ಮೂಲೆಯಲ್ಲಿ ನಿಲ್ಲುವ ಕಾಯಿಗೆ, ಇಲ್ಲಿನ ಮರಾಠಿ ಹುಡುಗರು ಹತ್ತಿ ಎನ್ನುವುದೂ ಅದನ್ನೇ.) ಈ ಸ್ಥಿತಿ 58ನೇ ನಡೆಗೆ ಮುಂಚೆ ಒಮ್ಮೆ, 60ಕ್ಕೆ ಮುಂಚೆ ಒಮ್ಮೆ, ರಾಜನನ್ನು ಎಫ್5ರವರೆಗೆ ತಿರುಗಾಡಿಸಿ ತಂದ ಮೇಲೆ 64ಕ್ಕೆ ಮುಂಚೆ ಮತ್ತೊಮ್ಮೆ ಬಂದಿದೆ. ಎಣಿಕೆಯಲ್ಲಿ ಹಿರಿಯರು ಸರಿ.

ಅವರು ಎಡವಿದ್ದು ಕೇಳಿದ ರೀತಿಯಲ್ಲಿ. ಮೂರನೇ ಸಲ ಸ್ಥಿತಿ ಮರುಕಳಿಸುವುದು ತನ್ನ ನಡೆಯಿಂದಾದರೆ, ಆ ನಡೆಯನ್ನು ಹಾಳೆಯ ಮೇಲೆ ಬರೆಯಬೇಕು, ಕಾಯಿ ಮುಟ್ಟಬಾರದು, ಗಡಿಯಾರ ನಿಲ್ಲಿಸಿ ಆರ್ಬಿಟರ್‌ಗೆ ‘ಈ ನಡೆ ಆಡಲಿದ್ದೇನೆ, ಮೂರನೇ ಸಲ ಆಗುತ್ತದೆ’ ಎಂದು ಹೇಳಬೇಕು. ಕಾಯಿ ಮುಟ್ಟಿದೊಡನೆ ಆ ನಡೆಯ ಮಟ್ಟಿಗೆ ಕ್ಲೇಮ್ ಮಾಡುವ ಹಕ್ಕು ಹೋಯಿತು. ಅವರು ಆಡಿದರು, ಗಡಿಯಾರವನ್ನೂ ಒತ್ತಿದರು. ಆ ಕ್ಷಣದಲ್ಲಿ ಡ್ರಾ ಕ್ಲೇಮ್ ಮಾಡುವ ಹಕ್ಕು ಇದ್ದದ್ದು ನಿಮಗೆ, ಅವರಿಗಲ್ಲ. ಆರ್ಬಿಟರ್ ‘ಆಟ ಮುಂದುವರಿಸಿ’ ಎನ್ನಬೇಕಿತ್ತು.

ಹಾಗಾದರೆ ಫಲಿತಾಂಶ ತಪ್ಪೇ? ಇಲ್ಲ. ಕ್ಲೇಮ್ ಬಿದ್ದುಹೋದರೂ ‘ಡ್ರಾ’ ಎಂಬ ಮಾತು ಪ್ರಸ್ತಾಪವಾಗಿ ಉಳಿಯುತ್ತದೆ. ನೀವು ಕೈ ಕೊಟ್ಟಿರಿ, ಸಹಿ ಹಾಕಿದಿರಿ. ಪರಸ್ಪರ ಒಪ್ಪಿಗೆಯ ಡ್ರಾ ಆಯಿತು, ಅಲ್ಲಿಗೆ ಮುಗಿಯಿತು. ಸಂಘದ ಆರ್ಬಿಟರ್ ಮೇಲೆ ಸಿಟ್ಟು ಬೇಡ. ಭಾನುವಾರ ಲೋಕಲ್ ರೈಲುಗಳ ಮೆಗಾಬ್ಲಾಕ್ (ದುರಸ್ತಿಗಾಗಿ ಹಳಿ ಮುಚ್ಚುವುದು) ದಾಟಿಕೊಂಡು ಬಂದು, ಪುಕ್ಕಟೆ ನಿಂತು, ಊಟದ ಕೂಪನ್ ಹಂಚುವುದರಿಂದ ಹಿಡಿದು ಜೋಡಿ ಹಾಕುವವರೆಗೆ ಎಲ್ಲವನ್ನೂ ಅವರೇ ನೋಡಿಕೊಂಡಿರುತ್ತಾರೆ.

16 ನಡೆಯ ಮಾತು ಪೂರ್ತಿ ದಂತಕಥೆ. ಮುಂಬೈಯ ಸೊಸೈಟಿ ಕಾಂಪೌಂಡುಗಳಲ್ಲಿ 16 ಎನ್ನುವವರನ್ನೂ 21 ಎನ್ನುವವರನ್ನೂ ಕೇಳಿದ್ದೇನೆ. ಫಿಡೆ ನಿಯಮದಲ್ಲಿರುವುದು 50: ಇಬ್ಬರೂ ತಲಾ 50 ನಡೆ ಆಡಿ, ಅಷ್ಟರಲ್ಲಿ ಯಾವ ಪದಾತಿಯೂ ಕದಲದೆ, ಯಾವ ಕಾಯಿಯೂ ಹೊಡೆಸಿಕೊಳ್ಳದೆ ಇದ್ದರೆ ಡ್ರಾ ಕ್ಲೇಮ್ ಮಾಡಬಹುದು. ಎದುರಾಳಿಯ ಬಳಿ ಪದಾತಿ ಇದೆಯೋ, ಬರೀ ರಾಜ ಇದ್ದಾನೋ ಎಂಬುದಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ. ನಿಮ್ಮ ಪದಾತಿ ಇ5ಕ್ಕೆ ಬಂದದ್ದು 54ರಲ್ಲಿ. ಆ ದಾರಿಯ ಡ್ರಾಕ್ಕೆ ಇನ್ನೂ ಬಹಳ ದೂರವಿತ್ತು. ಯಾರೂ ಕೇಳದಿದ್ದರೂ ಆರ್ಬಿಟರ್ ತಾನಾಗಿ ಡ್ರಾ ಘೋಷಿಸಬೇಕಾದದ್ದು ಒಂದೇ ಸ್ಥಿತಿ ಐದು ಸಲ ಬಂದರೆ, ಅಥವಾ ತಲಾ 75 ನಡೆ ಹೀಗೆಯೇ ಕಳೆದರೆ. ಇವೆರಡೂ 2014ರಿಂದ ನಿಯಮದಲ್ಲಿವೆ.

ಇನ್ನು ಆಟ.

ಆನೆ ಮತ್ತು ಪದಾತಿ ಒಂದು ಕಡೆ, ಬರೀ ಆನೆ ಇನ್ನೊಂದು ಕಡೆ ಇದ್ದಾಗ ‘ಒಂದು ಪದಾತಿ ಹೆಚ್ಚು, ಆದ್ದರಿಂದ ಗೆಲುವು’ ಎಂಬ ಲೆಕ್ಕ ನಡೆಯುವುದಿಲ್ಲ. ನಿಮ್ಮ ಎದುರಾಳಿ ನಿಂತ ಭಂಗಿಗೆ ಚೆಸ್‌ನಲ್ಲಿ ಹೆಸರೇ ಇದೆ. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ವಿವರಿಸಿದ ರಕ್ಷಣೆ ಅದು. ಈತ ಒಪೆರಾ ಸಂಗೀತ ರಚಿಸುತ್ತಿದ್ದವನೂ ಹೌದು. ರಕ್ಷಣೆಯ ತಿರುಳು ಸರಳ: ರಾಜನನ್ನು ಪದಾತಿಯ ಎದುರಿಗೆ, ಅದು ಮಂತ್ರಿಯಾಗಬೇಕಾದ ಮನೆಯಲ್ಲಿ ಕೂರಿಸು, ಆನೆಯನ್ನು ಆರನೇ ಅಡ್ಡಸಾಲಿನಲ್ಲಿ ನಿಲ್ಲಿಸಿ ಎದುರಾಳಿಯ ರಾಜ ಆ ಸಾಲಿಗೆ ಕಾಲಿಡದಂತೆ ನೋಡಿಕೋ, ಆ ಸಾಲಿನಲ್ಲೇ ಎ6, ಬಿ6 ಎಂದು ಆಚೀಚೆ ಸರಿಯುತ್ತ ಕಾದಿರು. ಬಿಳಿ ತಾಳ್ಮೆಗೆಟ್ಟು ಪದಾತಿಯನ್ನು ಇ6ಕ್ಕೆ ತಳ್ಳಿದ ಮರುಕ್ಷಣ ಆನೆಯನ್ನು ತುದಿಗೆ, ಎ1ಕ್ಕೆ ಓಡಿಸು. ಆಮೇಲೆ ಹಿಂದಿನಿಂದ ಚೆಕ್ ಮೇಲೆ ಚೆಕ್. ಬಿಳಿ ರಾಜನಿಗೆ ಅಡಗುವುದಕ್ಕೆ ಇದ್ದ ಒಂದೇ ಮನೆಯನ್ನು ಅವನ ಪದಾತಿಯೇ ತುಂಬಿಬಿಟ್ಟಿರುತ್ತದೆ.

ನಿಮ್ಮ ಹಿರಿಯರು ಇದನ್ನು ಓದಿ ಆಡಿದರೋ, ಅಭ್ಯಾಸಬಲದಿಂದ ಆಡಿದರೋ, ಆಡಿದ್ದಂತೂ ಸರಿಯಾಗಿಯೇ. ನೀವೂ ಇ6 ತಳ್ಳಲಿಲ್ಲ, ಅದು ನಿಮ್ಮ ಜಾಣತನ.

ಆ್ಯಪ್‌ನ 0.00 ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈಗ ಹೆಚ್ಚು ಜನರನ್ನು ದಾರಿ ತಪ್ಪಿಸುತ್ತಿರುವುದು ಅದೇ. ಹಲಗೆಯ ಮೇಲೆ ಏಳು ಕಾಯಿ ಅಥವಾ ಅದಕ್ಕೂ ಕಡಿಮೆ ಉಳಿದ ಸ್ಥಿತಿಗಳಿಗೆಲ್ಲ ಖಚಿತ ಉತ್ತರ ಹೇಳುವ ಕೋಷ್ಟಕಗಳು ಸಿದ್ಧವಾಗಿವೆ. ನಿಮ್ಮಲ್ಲಿ ಇದ್ದದ್ದು ರಾಜರನ್ನೂ ಸೇರಿಸಿ ಐದೇ ಕಾಯಿ. ಆದ್ದರಿಂದ 0.00 ಇಲ್ಲಿ ಯಂತ್ರದ ಅಂದಾಜಲ್ಲ, ಸಿದ್ಧವಾದ ಸತ್ಯ: ಇಬ್ಬರೂ ತಪ್ಪದೆ ಆಡಿದರೆ ಡ್ರಾ. ಅದು ಹೇಳದೆ ಬಿಡುವುದೇನೆಂದರೆ, ತಪ್ಪದೆ ಆಡುವುದು ಯಾರಿಗೆ ಎಷ್ಟು ಕಷ್ಟ ಎಂಬುದು. ನಿಮ್ಮ ಸ್ಥಿತಿಯಲ್ಲಿ ನಿಮಗೆ ಸೋಲಿನ ಭಯ ಹೆಚ್ಚುಕಡಿಮೆ ಇರಲಿಲ್ಲ. ಪ್ರತಿ 30 ಸೆಕೆಂಡಿಗೊಮ್ಮೆ ಸರಿಯಾದ ನಡೆ ಹುಡುಕುವ ಭಾರ ಪೂರ್ತಿ ಅವರ ಮೇಲಿತ್ತು. ಯಂತ್ರಕ್ಕೆ ಅದು ಸಮ, ಮನುಷ್ಯರಿಗೆ ಸಮವಲ್ಲ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಆದದ್ದು ನೆನಪಿದೆಯಲ್ಲ? ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. ಇಬ್ಬರಲ್ಲೂ ಆನೆ, ಒಂಟೆ. ಗುಕೇಶ್‌ಗೆ ಒಂದು ಪದಾತಿ ಹೆಚ್ಚು. ನೋಡುತ್ತಿದ್ದವರೆಲ್ಲ ಡ್ರಾ ಎಂದುಕೊಂಡು ಮರುದಿನದ ಟೈಬ್ರೇಕ್ ಬಗ್ಗೆ ಮಾತಾಡುತ್ತಿದ್ದರು. ಗುಕೇಶ್ ಆಡುತ್ತಲೇ ಹೋದರು. 55ನೇ ನಡೆಯಲ್ಲಿ ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟು ಬದಲಾವಣೆಗೆ ಒಡ್ಡಿದರು. ಆನೆಗಳು ಹೋದವು, ಅದರ ಬೆನ್ನಿಗೆ ಒಂಟೆಗಳನ್ನೂ ಗುಕೇಶ್ ಬಲವಂತವಾಗಿ ಬದಲಾಯಿಸಿಕೊಂಡರು, ಉಳಿದದ್ದು ರಾಜ ಮತ್ತು ಪದಾತಿಗಳು. 58ನೇ ನಡೆಯಾದ ಮೇಲೆ ಡಿಂಗ್ ಸೋಲೊಪ್ಪಿದರು. 7.5–6.5, ಹೊಸ ವಿಶ್ವ ಚಾಂಪಿಯನ್. ಡ್ರಾ ಸ್ಥಿತಿಯನ್ನು ಹಿಡಿದು ಕೂರುವುದು ವಿಶ್ವ ಚಾಂಪಿಯನ್‌ಗೂ ಕೊನೆಯ ಗಂಟೆಯಲ್ಲಿ ಕಷ್ಟವಾಯಿತು.

ಈ ಉದಾಹರಣೆಗೆ ಇನ್ನೊಂದು ಕಾರಣವೂ ಇದೆ. ನಿಮ್ಮ ಹಾಳೆಯಲ್ಲಿ ನಾನು ಕೆಂಪು ಗೆರೆ ಎಳೆದದ್ದು 64ನೇ ನಡೆಗಲ್ಲ, 44ಕ್ಕೆ. ಅದಕ್ಕೆ ಸ್ವಲ್ಪ ಮುಂಚೆ, 41ರಲ್ಲಿ, ಜಿ ಸಾಲಿನ ಪದಾತಿಗಳು ಒಂದಕ್ಕೊಂದು ಹೋದವು. ನಿಮಗೆ ಇ ಮತ್ತು ಎಚ್ ಸಾಲಿನ ಪದಾತಿಗಳು ಉಳಿದವು, ಅವರಿಗೆ ಪದಾತಿಯೇ ಇಲ್ಲ. 44ರಲ್ಲಿ ಹಿರಿಯರು ತಮ್ಮ ಆನೆಯನ್ನು ನಿಮ್ಮ ಆನೆಗೆ ಎದುರಾಗಿ ತಂದು, ಬದಲಾಯಿಸೋಣ ಎಂಬಂತೆ ನಿಲ್ಲಿಸಿದರು. ಅದು ಅವರ ದೊಡ್ಡ ತಪ್ಪು. ಹೊಡೆದಿದ್ದರೆ ಎರಡು ಪದಾತಿಗಳ ಎದುರು ಒಂಟಿ ರಾಜ. ಒಂದನ್ನು ತಡೆಯಲು ಹೋದರೆ ಇನ್ನೊಂದು ಓಡುತ್ತದೆ, ನಿಮ್ಮ ರಾಜನ ಬೆಂಬಲ ಬೇರೆ. ಆಟ ಹತ್ತು-ಹದಿನೈದು ನಡೆಗಳಲ್ಲಿ ಮುಗಿಯುತ್ತಿತ್ತು. ನೀವು ಆನೆಯನ್ನು ಹಿಂದಕ್ಕೆ ಸರಿಸಿದಿರಿ. ಹಾಳೆಯ ಅಂಚಿನಲ್ಲಿ ನೀವೇ ಬರೆದುಕೊಂಡ ಟಿಪ್ಪಣಿ ಇದೆ: ‘ಆನೆ ಇದ್ದರೆ ಬಲ’.

ಆನೆ ಇದ್ದರೆ ಬಲ ಹೌದು, ಆದರೆ ಅದು ಅವರಿಗೂ ಬಲ. ಮುಂದಿರುವವನು ಕಾಯಿಗಳನ್ನು ಬದಲಾಯಿಸಿಕೊಳ್ಳಬೇಕು, ಪದಾತಿಗಳನ್ನು ಉಳಿಸಿಕೊಳ್ಳಬೇಕು. ಹಿಂದಿರುವವನು ಇದಕ್ಕೆ ತಿರುಗುಮುರುಗಾಗಿ, ಪದಾತಿಗಳನ್ನು ಒಂದೊಂದಾಗಿ ತೆಗೆಸಿ ಕಾಯಿ ಉಳಿಸಿಕೊಳ್ಳಬೇಕು. ಗಳಿಸಿದ ಮೇಲುಗೈಯನ್ನು ಹಾಳುಮಾಡುವ ಒಂದು ಆನೆ ಎದುರಾಳಿಯ ಬಳಿ ಇರುವವರೆಗೂ ಡ್ರಾದ ದಾರಿ ಅವರಿಗೆ ತೆರೆದೇ ಇರುತ್ತದೆ. ಐದು ನಡೆ ಕಳೆದು 49ರಲ್ಲಿ ಅದೇ ಆಯಿತು. ಅವರ ಆನೆ ಚೆಕ್ ಕೊಟ್ಟಿತು, ನಿಮ್ಮ ರಾಜ ಸರಿಯಿತು, ಅದೇ ಆನೆ ಎಚ್ ಪದಾತಿಯನ್ನು ನುಂಗಿತು. ‘ಹೋಗಲಿ, ಇನ್ನೊಂದಿದೆಯಲ್ಲ’ ಎಂದುಕೊಂಡಿರಬೇಕು ನೀವು. ಕೈಬಿಟ್ಟ ಅರ್ಧ ಅಂಕ ಅಲ್ಲಿದೆ. 64ರ ಹೊತ್ತಿಗೆ ನಿಮ್ಮ ಧೈರ್ಯದಿಂದಾಗಲಿ ಹೆದರಿಕೆಯಿಂದಾಗಲಿ ಬದಲಾಗುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

ಆದರೂ ಒಂದು ಪ್ರಯತ್ನ ಉಳಿದಿತ್ತು. ಹಲಗೆ ಹರಡಿಕೊಂಡು ನೋಡಿ. ಎಚ್7, ಜಿ7 ಎಂದು ಆನೆಯನ್ನು ಆಡಿಸುವ ಬದಲು ಸಿ7ಕ್ಕೆ ಒಯ್ಯಿರಿ. ಅವರು ಎಂದಿನಂತೆ ಆರನೇ ಸಾಲಿನಲ್ಲೇ ಕಾಯುವ ನಡೆ ಆಡಿದರೆ, ಸಿ6ಕ್ಕೆ ಬನ್ನಿ. ಅಲ್ಲಿ ಆನೆಗೆ ನಿಮ್ಮ ರಾಜನ ಕಾವಲಿದೆ. ಈಗ ಬದಲಾವಣೆಗೆ ಒಡ್ಡುತ್ತಿರುವವರು ನೀವು. ಅವರು ಹೊಡೆದರು, ನೀವು ರಾಜನಿಂದ ಹೊಡೆದಿರಿ ಎನ್ನೋಣ. ನಿಮ್ಮ ರಾಜ ಸಿ6, ಪದಾತಿ ಇ5. ಅವರ ರಾಜ ಇ8, ಸರದಿ ಅವರದು. ಇಲ್ಲಿ ಅವರನ್ನು ಉಳಿಸುವ ನಡೆ ಒಂದೇ: ರಾಜ ಇ7. ಡಿ8ಕ್ಕೆ ಹೋದರೆ ನಿಮ್ಮ ರಾಜ ಡಿ6ಕ್ಕೆ ಬಂದು ಗೆಲ್ಲುತ್ತದೆ. ಎಫ್7ಕ್ಕೋ ಎಫ್8ಕ್ಕೋ ಹೋದರೆ ನಿಮ್ಮ ರಾಜ ಡಿ7ರಲ್ಲಿ ಕೂತು ಪದಾತಿಯನ್ನು ದಾಟಿಸುತ್ತದೆ. ಇ7 ಆಡಿದರೆ ಮಾತ್ರ ನೀವು ಡಿ5, ಅವರು ಡಿ7. ನೀವು ಪದಾತಿ ಇ6 ಚೆಕ್, ಅವರು ಇ7. ನೀವು ರಾಜ ಇ5, ಅವರು ನೇರ ಹಿಂದಕ್ಕೆ ಇ8 (ಡಿ8ಕ್ಕೋ ಎಫ್8ಕ್ಕೋ ಹೋದರೆ ಮತ್ತೆ ಸೋಲು). ನೀವು ಡಿ6, ಅವರು ಡಿ8. ಪದಾತಿ ಇ7 ಚೆಕ್, ರಾಜ ಇ8. ನೀವು ರಾಜನನ್ನು ಇ6ಕ್ಕೆ ತಂದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆದ್ದರಿಂದ ಡ್ರಾ). ಸಾಲಾಗಿ ಇಷ್ಟು ಕಡೆ ಅವರು ಸರಿಯಾದದ್ದನ್ನೇ ಆರಿಸಬೇಕು. ನಿಮಗೆ ಸೋಲುವ ಅಪಾಯ ಸೊನ್ನೆ.

ಇದಕ್ಕೂ ಬೆಲೆ ಉಂಟು. ಆನೆಗಳು ಹೋದ ಮೇಲೆ ಅವರಿಗೆ ಈ ದಾರಿ ಗೊತ್ತಿದ್ದರೆ ನಿಮ್ಮ ಗೆಲುವಿನ ಆಸೆ ಅಲ್ಲಿಗೇ ಮುಗಿಯುತ್ತದೆ. ಆನೆ ಉಳಿಸಿಕೊಂಡಿದ್ದರೆ ಅವರು ಎಂದಾದರೂ ಆರನೇ ಸಾಲು ಬಿಟ್ಟು ಹಿಂದಿನ ಸಾಲಿಗೆ ಮುದುರಿಕೊಳ್ಳಬಹುದಿತ್ತು, ನಡುವಿನ ಪದಾತಿಯ ಎದುರು ಆ ರಕ್ಷಣೆ ನಿಲ್ಲುವುದಿಲ್ಲ. ಸಿ6ರಲ್ಲಿ ಅವರು ಹೊಡೆಯಲೇಬೇಕೆಂಬ ಕಡ್ಡಾಯವೂ ಇಲ್ಲ. ಎದುರಾಳಿ ಆನೆಯನ್ನು ಸಲೀಸಾಗಿ, ಯೋಚಿಸದೆ ಆಡುತ್ತಿದ್ದರೆ, ಅಂದರೆ ಫಿಲಿಡೋರ್ ಅವರಿಗೆ ಬಾಯಿಪಾಠ ಎಂದು ಕಂಡರೆ, ನಾನು ಸಿ6 ಪ್ರಯತ್ನಿಸುತ್ತೇನೆ. ಪ್ರತಿ ನಡೆಗೂ ಅವರು ಬೆವರುತ್ತಿದ್ದರೆ ಆನೆ ಬಿಡುವುದಿಲ್ಲ, ರಾಜನನ್ನು ಆ ಕಡೆ ಈ ಕಡೆ ಒಯ್ದು ಮತ್ತೆ ಮತ್ತೆ ಅವರನ್ನು ಪರೀಕ್ಷಿಸುತ್ತಿರುತ್ತೇನೆ. ಆಗ ಮೂರು ಸಲದ ಎಣಿಕೆ ನಿಮ್ಮ ತಲೆಯಲ್ಲೂ ಇರಬೇಕು, ಒಂದೇ ಸ್ಥಿತಿಗೆ ಮರಳದಂತೆ ಕಾಯಿಗಳನ್ನು ಬೇರೆ ಬೇರೆ ಮನೆಗಳಲ್ಲಿ ಇಡಬೇಕು.

ಹೀಗೆ ಆಡಿಸುವುದು ಎದುರಾಳಿಗೆ ಅವಮಾನ ಎಂಬ ಭಾವನೆ ನಮ್ಮ ಜನರಲ್ಲಿದೆ, ಎದುರಿಗಿರುವವರು ವಯಸ್ಸಿನಲ್ಲಿ ಹಿರಿಯರಾದರೆ ಇನ್ನೂ ಹೆಚ್ಚು. ಅವಮಾನ ಏನೂ ಇಲ್ಲ, ಅದು ಆಟದ ಹಕ್ಕು. ನಿಯಮ ತಡೆಯುವುದು ಪದೇ ಪದೇ ಡ್ರಾ ಕೇಳಿ ಕಿರಿಕಿರಿ ಮಾಡುವುದನ್ನು. ಅದೇ ರೀತಿ ಡ್ರಾ ಒಪ್ಪಿದವನು ಹೇಡಿ ಎನ್ನುವುದೂ ಅರ್ಥವಿಲ್ಲದ ಮಾತು. 1984ರಲ್ಲಿ ಶುರುವಾದ ಕಾರ್ಪೊವ್–ಕ್ಯಾಸ್ಪರೊವ್ ಪಂದ್ಯದಲ್ಲಿ 48 ಆಟಗಳ ಪೈಕಿ 40 ಡ್ರಾ ಆದವು, ಕೊನೆಗೆ 1985ರ ಫೆಬ್ರುವರಿಯಲ್ಲಿ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಅವರನ್ನು ಹೇಡಿಗಳು ಎನ್ನುವ ಧೈರ್ಯ ನನಗಿಲ್ಲ.

ರೇಟಿಂಗ್ ಬಗ್ಗೆ. ನಿಮಗೆ ಇನ್ನೂ ರೇಟಿಂಗೇ ಇಲ್ಲ, ಆದ್ದರಿಂದ ಸದ್ಯಕ್ಕೆ ಬೀಳುವುದಕ್ಕೆ ಏನೂ ಇಲ್ಲ. ಮೊದಲ ರೇಟಿಂಗ್ ಬರಬೇಕಾದರೆ ರೇಟಿಂಗ್ ಇರುವವರ ಎದುರು ಕನಿಷ್ಠ ಐದು ಆಟ ಆಡಿರಬೇಕು. 2024ರ ಮಾರ್ಚ್‌ನಿಂದ ತಳಮಟ್ಟ 1400. ತಮಾಷೆಯೆಂದರೆ, ಆ ಮೊದಲ ಲೆಕ್ಕದಲ್ಲಿ 1800 ರೇಟಿಂಗ್‌ನ ಇಬ್ಬರು ಕಾಲ್ಪನಿಕ ಆಟಗಾರರ ಎದುರು ನೀವು ಡ್ರಾ ಮಾಡಿದಿರಿ ಎಂದು ಫಿಡೆಯೇ ಸೇರಿಸಿಕೊಳ್ಳುತ್ತದೆ! ರೇಟಿಂಗ್ ಬಂದ ಮೇಲೆ ಡ್ರಾದಿಂದ ಏರುವುದೋ ಇಳಿಯುವುದೋ ಎಂಬುದು ಎದುರಾಳಿ ಯಾರು ಎಂಬುದರ ಮೇಲೆ. ನಿಮಗಿಂತ 200 ಅಂಕ ಹೆಚ್ಚಿರುವವರ ಎದುರು ನಿಮ್ಮಿಂದ ನಿರೀಕ್ಷೆ 0.24, ಡ್ರಾ ಮಾಡಿದರೆ ಸಿಗುವುದು 0.5, ಅಂದರೆ 0.26 ಲಾಭ. ಮೊದಲ 30 ಆಟಗಳವರೆಗೆ ಅದನ್ನು 40ರಿಂದ ಗುಣಿಸುತ್ತಾರೆ, ಅಂದರೆ ಸುಮಾರು 10 ಅಂಕ ಸಿಕ್ಕಿತು. 200 ಕಡಿಮೆ ಇರುವವರ ಎದುರು ಡ್ರಾ ಮಾಡಿದರೆ ಅಷ್ಟೇ ಹೋಯಿತು. ಮುಂಬೈ, ಥಾಣೆಯ ರೇಟಿಂಗ್ ಟೂರ್ನಿಗಳಲ್ಲಿ ಎದುರಿಗೆ ಹತ್ತು ವರ್ಷದ ಮಕ್ಕಳು ಕೂತಿರುತ್ತಾರೆ, ರೇಟಿಂಗ್ ನೋಡಿ ಅವರ ಬಲ ಅಳೆಯುವುದಕ್ಕೆ ಹೋಗಬೇಡಿ. ಆ ಮಕ್ಕಳಿಗೆ ಫಿಲಿಡೋರ್ ಗೊತ್ತಿರುತ್ತದೆ.

ಅಷ್ಟರೊಳಗೆ ಓಪನಿಂಗ್ ಪುಸ್ತಕ ಕೊಳ್ಳುವ ಯೋಚನೆ ಇದ್ದರೆ ಬಿಡಿ. ಕಲಿಯಬೇಕಾದದ್ದು ಮೂರೇ: ರಾಜ-ಪದಾತಿ ಎದುರು ಬರೀ ರಾಜ, ಫಿಲಿಡೋರ್, ಎರಡೂ ಕಡೆಯಿಂದ, ಮತ್ತು ಲುಸೇನಾ ಎಂಬ ಸ್ಥಿತಿ, ಅಂದರೆ ಪದಾತಿ ಏಳನೇ ಸಾಲಿಗೆ ತಲುಪಿ ರಾಜ ಅದರ ಮುಂದೆ ನಿಂತಿರುವಾಗ ಆನೆಯನ್ನು ಅಡ್ಡ ತಂದು ಚೆಕ್‌ಗಳಿಂದ ಪಾರಾಗಿ ಗೆಲ್ಲುವ ವಿಧಾನ. ಡೊಂಬಿವಲಿಯಿಂದ ಸೀಟು ಸಿಕ್ಕಿದ ಬೆಳಿಗ್ಗೆಗಳಷ್ಟೇ ಸಾಕು ಇದಕ್ಕೆ.

ಹಿರಿಯರ ಫೋನ್ ನಂಬರ್ ನಿಮ್ಮ ಬಳಿ ಇದ್ದರೆ ಒಂದು ಭಾನುವಾರ ಕರೆಯಿರಿ. 44ನೇ ನಡೆಯ ಸ್ಥಿತಿಯನ್ನು ಹಲಗೆಯ ಮೇಲೆ ಇಟ್ಟು, ಆನೆ ಬದಲಾಯಿಸಿಕೊಂಡು ಒಮ್ಮೆ, ಬದಲಾಯಿಸದೆ ಒಮ್ಮೆ ಆಡಿ ನೋಡಿ. ಬಣ್ಣ ಬದಲಿಸಿ ಮತ್ತೊಮ್ಮೆ. ಸಂಘದ ಸಮಿತಿಗೆ ಬರೆಯುವುದಿದ್ದರೆ ಫಲಿತಾಂಶದ ಬಗ್ಗೆ ಬೇಡ. ಮುಂದಿನ ವರ್ಷ ಡ್ರಾ ಕ್ಲೇಮ್ ಮಾಡುವ ಕ್ರಮವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಅಚ್ಚು ಹಾಕಿಸಿ ಪ್ರತಿ ಟೇಬಲ್ಲಿನ ಮೇಲೆ ಇಡಿ ಎಂದು ಬರೆಯಿರಿ. ಪುಟ ಬರೆದುಕೊಡಲು ಯಾರೂ ಸಿಗದಿದ್ದರೆ ನನಗೆ ಹೇಳಿ.